ಸಾವಿರ ಲೇಖಕರ ಪ್ರಬಂಧ ಮತ್ತು ವಿಶ್ವವಿದ್ಯಾಲಯದ ಹೆಸರು

2013ರ ಅಕ್ಟೋಬರಿನಲ್ಲಿ ಲಂಡನ್ನಿನ ಟೈಮ್ಸ್ ಹೈಯರ್ ಎಜುಕೇಷನ್ ಸಂಸ್ಥೆ ಜಗತ್ತಿನ ವಿಶ್ವವಿದ್ಯಾಲಯಗಳ ಶ್ರೇಯಾಂಕ ಪಟ್ಟಿ ಹೊರಡಿಸಿದಾಗ ಭಾರತದ ಮಟ್ಟಿಗೆ ಮೊದಲ ಸ್ಥಾನ ಸಿಕ್ಕಿದ್ದು ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯಕ್ಕೆ. ಅದು 226ರಿಂದ 250ರವರೆಗಿನ ಗುಂಪಿನಲ್ಲಿತ್ತು. ದೆಹಲಿ, ಕಾನ್ಪುರ, ಖರಗಪುರ, ರೂರ್ಕಿಯ ಐಐಟಿಗಳು 351–400ರ ಗುಂಪಿನಲ್ಲಿದ್ದವು. ಎರಡು ವರ್ಷ ಕಳೆದು 2015ರ ಪಟ್ಟಿ ಬಂದಾಗ ಅದೇ ಪಂಜಾಬ್ ವಿಶ್ವವಿದ್ಯಾಲಯ 500ರ ಆಚೆಗೆ ಜಾರಿತ್ತು. ಈ ನಡುವೆ ಅಲ್ಲಿಯ ಪ್ರಯೋಗಾಲಯಗಳಿಗೆ ಬೀಗ ಬಿದ್ದಿರಲಿಲ್ಲ, ಅಧ್ಯಾಪಕರು ಗುಳೆ ಹೋಗಿರಲಿಲ್ಲ. ಬದಲಾಗಿದ್ದು ಎಣಿಸುವ ಸೂತ್ರ ಮಾತ್ರ.

ವಿದೇಶಿ ಸಂಶೋಧನಾ ಸಹಯೋಗದಿಂದ ಜಾಗತಿಕ ಹೆಸರು ಬರುತ್ತದೆ ಎಂಬ ಮಾತು ಇವತ್ತು ನಮ್ಮ ಕುಲಪತಿಗಳ ಭಾಷಣಗಳಲ್ಲಿ, ವಿಶ್ವವಿದ್ಯಾಲಯಗಳ ಯೋಜನಾ ವರದಿಗಳಲ್ಲಿ ತಪ್ಪದೆ ಇರುತ್ತದೆ. ಮಾತು ಸುಳ್ಳಲ್ಲ. ಆದರೆ ಹಾಗೆ ಬರುವ ಹೆಸರು ಯಾವ ಕೆಲಸಕ್ಕೆ ಬರುತ್ತದೆ, ಎಷ್ಟು ದಿನ ಉಳಿಯುತ್ತದೆ, ಬಂದ ಮೇಲೆ ಆ ಊರಿನ ವಿದ್ಯಾರ್ಥಿಗೆ ಏನು ದಕ್ಕುತ್ತದೆ ಎಂದು ಕೇಳುವವರು ಕಡಿಮೆ. ಆ ಪ್ರಶ್ನೆಗೆ ಚಂಡೀಗಢದ ಕಥೆಯನ್ನು ಬಿಡಿಸಿ ನೋಡುವುದು ಒಳ್ಳೆಯ ಆರಂಭ.

ಆ ಏರಿಕೆಯ ಮೂಲ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿತ್ತು. 2012ರಲ್ಲಿ ಹಿಗ್ಸ್ ಬೋಸಾನ್ ಕಣವನ್ನು ಕಂಡುಹಿಡಿದ ಎರಡು ದೊಡ್ಡ ಪ್ರಯೋಗಗಳಲ್ಲಿ ಅಟ್ಲಾಸ್ ಒಂದು, ಸಿಎಂಎಸ್ ಇನ್ನೊಂದು. ಪಂಜಾಬ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಸಿಎಂಎಸ್ ತಂಡದಲ್ಲಿದ್ದರು. ಅದರ ಒಂದೊಂದು ಪ್ರಬಂಧಕ್ಕೂ ಎರಡು ಸಾವಿರ ಮೀರಿ ಲೇಖಕರು. ಹೆಸರುಗಳನ್ನು ದೇಶಗಳ ಅಕ್ಷರಾನುಕ್ರಮದಲ್ಲಿ ಜೋಡಿಸುವುದು ಅಲ್ಲಿಯ ಪದ್ಧತಿ. ಹಾಗಾಗಿ ಪಟ್ಟಿ ಅರ್ಮೇನಿಯಾದ ಯೆರೆವಾನ್ ಭೌತವಿಜ್ಞಾನ ಸಂಸ್ಥೆಯಿಂದ ಶುರುವಾಗುತ್ತದೆ, ಜಗತ್ತು ಅತಿ ಹೆಚ್ಚು ಉಲ್ಲೇಖಿಸುವ ಪ್ರಬಂಧಗಳಲ್ಲಿ ಕೆಲವು ಯೆರೆವಾನಿನ ವಿಜ್ಞಾನಿಯೊಬ್ಬರ ಹೆಸರಿನಲ್ಲಿ ಓಡಾಡುತ್ತವೆ. 2015ರಲ್ಲಿ ಸಿಎಂಎಸ್ ಮತ್ತು ಅಟ್ಲಾಸ್ ತಂಡಗಳು ಸೇರಿ ಹಿಗ್ಸ್ ಕಣದ ದ್ರವ್ಯರಾಶಿಯ ಬಗ್ಗೆ ಪ್ರಕಟಿಸಿದ ಪ್ರಬಂಧಕ್ಕೆ 5,154 ಲೇಖಕರಿದ್ದರು. ಅದರ 33 ಪುಟಗಳಲ್ಲಿ 24 ಪುಟಗಳು ಲೇಖಕರ, ಸಂಸ್ಥೆಗಳ ಹೆಸರಿಗೇ ಹೋದವು.

ಶ್ರೇಯಾಂಕದ ಸೂತ್ರ ಇಂಥ ಪ್ರಬಂಧವನ್ನು ಹೇಗೆ ಓದುತ್ತಿತ್ತು ಎಂಬುದು ಮುಖ್ಯ. ಒಟ್ಟು ಅಂಕದಲ್ಲಿ ಶೇ 30ರಷ್ಟು ಆಗ ಉಲ್ಲೇಖಗಳಿಗೆ ಮೀಸಲಾಗಿತ್ತು. ಪ್ರಬಂಧ ಗಳಿಸಿದ ಉಲ್ಲೇಖಗಳ ಶ್ರೇಯ ಹಂಚಿಹೋಗದೆ ಪಟ್ಟಿಯಲ್ಲಿದ್ದ ಪ್ರತಿಯೊಂದು ಸಂಸ್ಥೆಗೂ ಇಡಿಯಾಗಿ ಸಲ್ಲುತ್ತಿತ್ತು. ಲೆಕ್ಕ ಹಾಕುತ್ತಿದ್ದುದು ಪ್ರಬಂಧವೊಂದಕ್ಕೆ ಸರಾಸರಿ ಎಷ್ಟು ಎಂದು. ವರ್ಷಕ್ಕೆ ಸಾವಿರಾರು ಪ್ರಬಂಧ ಹೊರತರುವ ಸಂಸ್ಥೆಯಲ್ಲಿ ಹಿಗ್ಸ್ ಪ್ರಬಂಧಗಳು ಸರಾಸರಿಯೊಳಗೆ ಕರಗಿಹೋಗುತ್ತವೆ, ಕಡಿಮೆ ಪ್ರಕಟಿಸುವ ಸಂಸ್ಥೆಯಲ್ಲಿ ಸರಾಸರಿಯನ್ನೇ ಎತ್ತಿ ನಿಲ್ಲಿಸುತ್ತವೆ. ಇದರ ಮೇಲೆ, ಉಲ್ಲೇಖ ಕಡಿಮೆ ಇರುವ ದೇಶಗಳ ಸಂಸ್ಥೆಗಳಿಗೆ ಒಂದಿಷ್ಟು ರಿಯಾಯಿತಿಯೂ ಇತ್ತು. ಇವೆಲ್ಲ ಒಂದೇ ಕಡೆ ಕೂಡಿದಾಗ ಚಂಡೀಗಢ ಮೇಲಕ್ಕೆ ಹೋಯಿತು. 2015ರಲ್ಲಿ ಸಾವಿರಕ್ಕಿಂತ ಹೆಚ್ಚು ಲೇಖಕರಿರುವ 649 ಪ್ರಬಂಧಗಳನ್ನು ಲೆಕ್ಕದಿಂದ ಕೈಬಿಟ್ಟು ರಿಯಾಯಿತಿಯನ್ನು ಅರ್ಧಕ್ಕೆ ಇಳಿಸಿದರು, ಚಂಡೀಗಢ ಕೆಳಕ್ಕೆ ಬಂತು. ಮರುವರ್ಷ ಆ ಪ್ರಬಂಧಗಳನ್ನು ಶ್ರೇಯ ಹಂಚುವ ಬೇರೊಂದು ಲೆಕ್ಕದಲ್ಲಿ ಮತ್ತೆ ಸೇರಿಸಿದರು. ಸಾವಿರಕ್ಕಿಂತ ಕಡಿಮೆ ಲೇಖಕರಿದ್ದರೆ ಮಾತ್ರ ಹಳೆಯ ಲೆಕ್ಕವೇ ಮುಂದುವರಿಯಿತು. ಸಿಯಾಟಲ್‌ನಿಂದ ನಡೆಯುವ ಜಾಗತಿಕ ರೋಗಹೊರೆ ಅಧ್ಯಯನದಂಥ, ನೂರಾರು ಲೇಖಕರ ವೈದ್ಯಕೀಯ ಪ್ರಬಂಧಗಳು ಆ ಗೆರೆಯ ಕೆಳಗೇ ನಿಂತು ಬೇರೆ ಸಂಸ್ಥೆಗಳನ್ನು ಏರಿಸತೊಡಗಿದವು.

ಇಷ್ಟು ಹೇಳಿದ ಮಾತ್ರಕ್ಕೆ ಪಂಜಾಬ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳ ಕೆಲಸವನ್ನು ಹಗುರವಾಗಿ ಕಾಣುವುದು ಅನ್ಯಾಯ. ಸಿಎಂಎಸ್ ಡಿಟೆಕ್ಟರಿನ ಹೊರಭಾಗದ ಹ್ಯಾಡ್ರಾನ್ ಕ್ಯಾಲೊರಿಮೀಟರನ್ನು ಮುಂಬೈನ ಟಾಟಾ ಮೂಲವಿಜ್ಞಾನ ಸಂಸ್ಥೆಯ (ಟಿಐಎಫ್ಆರ್) ಜೊತೆ ಸೇರಿ ಕಟ್ಟಿದವರು ಅವರು. ಅದೇ ಡಿಟೆಕ್ಟರಿನ ಇನ್ನೊಂದು ಭಾಗಕ್ಕೆ ಬೇಕಾದ ಸಿಲಿಕಾನ್ ಸಂವೇದಕಗಳು ಬೆಂಗಳೂರಿನ ಬಿಇಎಲ್‌ನಲ್ಲಿ ತಯಾರಾದವು. ಚಂಡೀಗಢದವರದು ಕೈಯಾರೆ ಮಾಡಿದ ಕೆಲಸ, ಲೇಖಕರ ಪಟ್ಟಿಯಲ್ಲಿ ಅವರ ಹೆಸರು ಇರಲೇಬೇಕಾದದ್ದು. ತಪ್ಪು ಆ ಒಂದು ವಿಭಾಗದ ದುಡಿಮೆಯನ್ನು ಇಡೀ ವಿಶ್ವವಿದ್ಯಾಲಯದ ಗುಣಮಟ್ಟವೆಂದು ಓದಿದ ಸೂತ್ರದ್ದು, ಆ ಓದನ್ನು ನಂಬಿ ಸುಮ್ಮನಾದ ಆಡಳಿತದ್ದು. 2017ರ ಏಪ್ರಿಲ್‌ನಲ್ಲಿ, ಹಣದ ಮುಗ್ಗಟ್ಟಿಗೆ ಸಿಲುಕಿದ ಅದೇ ವಿಶ್ವವಿದ್ಯಾಲಯ ಕೆಲವು ಕೋರ್ಸುಗಳ ಶುಲ್ಕವನ್ನು ಹತ್ತು ಪಟ್ಟಿಗೂ ಮೀರಿ ಏರಿಸಿತು. ವಿದ್ಯಾರ್ಥಿಗಳು ಬೀದಿಗಿಳಿದರು, ಆವರಣದೊಳಗೆ ಪೊಲೀಸರು ಅಶ್ರುವಾಯು ಸಿಡಿಸಿದರು. ಜಗತ್ತಿನ ಪಟ್ಟಿಯಲ್ಲಿ ದೇಶಕ್ಕೆ ಮೊದಲೆನಿಸಿದ್ದ ಹೆಸರು ಆ ವಿದ್ಯಾರ್ಥಿಗಳ ಶುಲ್ಕವನ್ನು ಒಂದು ರೂಪಾಯಿಯಷ್ಟೂ ಇಳಿಸಲಿಲ್ಲ.

ಚಂಡೀಗಢದಲ್ಲಿ ಕೆಲಸವಾದರೂ ನಿಜವಿತ್ತು. ಸೌದಿ ಅರೇಬಿಯಾದ ಜೆಡ್ಡಾದಲ್ಲಿರುವ ಕಿಂಗ್ ಅಬ್ದುಲಜೀಜ್ ವಿಶ್ವವಿದ್ಯಾಲಯ ಹಿಡಿದ ದಾರಿ ಬೇರೆ. ಅತಿ ಹೆಚ್ಚು ಉಲ್ಲೇಖಗೊಳ್ಳುವ ವಿದೇಶಿ ವಿಜ್ಞಾನಿಗಳಿಗೆ ಅದು ವರ್ಷಕ್ಕೆ 72,000 ಡಾಲರ್ ಸಂಭಾವನೆಯ ಅರೆಕಾಲಿಕ ಹುದ್ದೆ ನೀಡಲು ಮುಂದಾಗಿತ್ತೆಂದು 2011ರಲ್ಲಿ ಸೈನ್ಸ್ ಪತ್ರಿಕೆ ವರದಿ ಮಾಡಿತು. ವರ್ಷಕ್ಕೆ ಕೆಲವು ವಾರ ಜೆಡ್ಡಾಕ್ಕೆ ಬಂದು ಹೋದರಾಯಿತು, ಪ್ರಬಂಧಗಳಲ್ಲಿ ತಮ್ಮ ಎರಡನೆಯ ವಿಳಾಸವಾಗಿ ಈ ವಿಶ್ವವಿದ್ಯಾಲಯವನ್ನು ನಮೂದಿಸಬೇಕು. 2014ರಲ್ಲಿ ಅಮೆರಿಕದ ಯು.ಎಸ್. ನ್ಯೂಸ್ ಪಟ್ಟಿ ಅದನ್ನು ಗಣಿತದಲ್ಲಿ ಜಗತ್ತಿನ 7ನೆಯ ಸ್ಥಾನದಲ್ಲಿ ಕೂರಿಸಿತು. ನನ್ನ ದೃಷ್ಟಿಯಲ್ಲಿ ಇದನ್ನು ಸಹಯೋಗ ಎಂದು ಕರೆಯಲಾಗದು. ಬೇರೆಲ್ಲೋ ನಡೆದ ಕೆಲಸಕ್ಕೆ ಹಣ ತೆತ್ತು ವಿಳಾಸ ಅಂಟಿಸಿದ್ದು ಅಷ್ಟೆ.

ಹಾಗಾದರೆ ನಿಜವಾದ ಸಹಯೋಗ ಹೇಗಿರುತ್ತದೆ? ಅದಕ್ಕೆ ಕೋಲಾರದ ಚಿನ್ನದ ಗಣಿಗೆ ಹೋಗಬೇಕು.

ಹೋಮಿ ಭಾಭಾ ಅವರ ಸೂಚನೆಯಂತೆ ನಂಜನಗೂಡಿನವರಾದ ಬಿ.ವಿ. ಶ್ರೀಕಂಠನ್ 1951ರಲ್ಲಿ ಕೆಜಿಎಫ್ ಗಣಿಯೊಳಕ್ಕೆ ಉಪಕರಣ ಇಳಿಸಿದರು. ಆಗ ಅವರು ಟಿಐಎಫ್ಆರ್‌ನ ತರುಣ ಸಂಶೋಧಕ. ಆಕಾಶದಿಂದ ಬರುವ ವಿಶ್ವಕಿರಣಗಳಲ್ಲಿನ ಮ್ಯೂಆನ್ ಕಣಗಳು ಭೂಮಿಯೊಳಗೆ ಎಷ್ಟು ಆಳದವರೆಗೆ ಇಳಿಯುತ್ತವೆ ಎಂದು ಅಳೆಯುವುದು ಉದ್ದೇಶ. 1960ರ ದಶಕದ ಆರಂಭದಲ್ಲಿ ಜಪಾನಿನ ಒಸಾಕದ ಎಸ್. ಮಿಯಾಕೆ ಟಿಐಎಫ್ಆರ್ ತಂಡವನ್ನು ಕೂಡಿಕೊಂಡರು. ಮಟ್ಟದಿಂದ ಮಟ್ಟಕ್ಕೆ ಇಳಿದು ಎಣಿಸುತ್ತ ಹೋದಂತೆ ಕಣಗಳು ವಿರಳವಾದವು, ಅತ್ಯಂತ ಆಳದ ಜಾಗದಲ್ಲಿ ಡಿಟೆಕ್ಟರಿಗೆ ಏನೂ ಸಿಗಲಿಲ್ಲ. ಆ ಸೊನ್ನೆಯೇ ಅವರಿಗೆ ಬೇಕಾದ ಫಲಿತಾಂಶವಾಯಿತು. ಬೇರೆ ಕಣಗಳ ಗದ್ದಲವಿಲ್ಲದ ಆ ಆಳದಲ್ಲಿ ಡಿಟೆಕ್ಟರ್ ಒಂದು ಕಣವನ್ನು ಕಂಡರೆ ಅದು ನ್ಯೂಟ್ರಿನೊ ಬಂಡೆಗೆ ಬಡಿದು ಹುಟ್ಟಿದ ಕಣವಾಗಿರಲೇಬೇಕು. ಆಗ ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು ತಾವು ಬೆಳೆಸಿದ್ದ ನಿಯಾನ್ ಫ್ಲ್ಯಾಶ್ ನಳಿಕೆಗಳೊಂದಿಗೆ ಬಂದು ಸೇರಿದರು. ಚಾಂಪಿಯನ್ ರೀಫ್ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು 1965ರಲ್ಲಿ ಸಿಕ್ಕಿತು. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಅಮೆರಿಕನ್ನರ ನೇತೃತ್ವದ ತಂಡವೂ ಇದನ್ನೇ ಹುಡುಕುತ್ತಿತ್ತು. ಕೋಲಾರದ ವರದಿ ಕೆಲವೇ ದಿನ ಮೊದಲು ಅಚ್ಚಾಯಿತು.

ಆ ಪ್ರಬಂಧದ ಲೇಖಕರು ಒಂದು ಡಜನ್ನಿಗೂ ಕಡಿಮೆ. ಯಾರು ಏನು ತಂದರು ಎಂದು ಅದರಲ್ಲಿ ಬೆರಳಿಟ್ಟು ತೋರಿಸಬಹುದು. ಒಬ್ಬರು ಇಲ್ಲದಿದ್ದರೆ ಇನ್ನೊಬ್ಬರ ಕೆಲಸ ನಿಲ್ಲುತ್ತಿತ್ತು. ಮುಖ್ಯವಾಗಿ, ಹೊರಗಿನವರು ಬಂದು ಕೂಡಿಕೊಳ್ಳುವ ಹೊತ್ತಿಗೆ ನಮ್ಮವರ ಬಳಿ ವರ್ಷಗಟ್ಟಲೆ ಅಳೆದ ಅಂಕಿಗಳಿದ್ದವು, ಜಗತ್ತಿನಲ್ಲಿ ಅಪರೂಪವಾದ ಆಳವಿತ್ತು. ಒಡಂಬಡಿಕೆಗೆ ಸಹಿ ಹಾಕಿ ಆಮೇಲೆ ಕೆಲಸ ಹುಡುಕಿದ ಕಥೆಯಲ್ಲ ಇದು. 1980ರ ದಶಕದಲ್ಲಿ ಪ್ರೋಟಾನ್ ಕ್ಷಯದ ಹುಡುಕಾಟ ಅದೇ ಗಣಿಯಲ್ಲಿ, ಅದೇ ಜಪಾನಿ ಗೆಳೆತನದಲ್ಲಿ ಮುಂದುವರಿಯಿತು. ಇಂದಿಗೂ ನ್ಯೂಟ್ರಿನೊ ವಿಜ್ಞಾನದ ಇತಿಹಾಸ ಬರೆಯುವವರು ಕೋಲಾರವನ್ನು ಬಿಟ್ಟು ಬರೆಯಲಾರರು. ಯಾವ ಸೂತ್ರ ಬದಲಾದರೂ ಈ ಹೆಸರು ಜಾರುವುದಿಲ್ಲ.

ಆದರೆ ನನ್ನನ್ನು ಕಾಡುವ ಸಂಗತಿಯೂ ಇಲ್ಲಿಯೇ ಇದೆ. ಆ ಪ್ರಬಂಧದಲ್ಲಿ ಮುಂಬೈ, ಒಸಾಕ, ಡರ್ಹಮ್‌ಗಳ ಸಂಸ್ಥೆಗಳಿವೆ, ಕರ್ನಾಟಕದ ಒಂದು ವಿಶ್ವವಿದ್ಯಾಲಯವೂ ಇಲ್ಲ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯಕ್ಕೆ ಆಗ ಅರ್ಧ ಶತಮಾನದ ವಯಸ್ಸು, ಬೆಂಗಳೂರು ವಿಶ್ವವಿದ್ಯಾಲಯ ಹಿಂದಿನ ವರ್ಷವಷ್ಟೇ ಹುಟ್ಟಿತ್ತು. ಗಣಿ ನಮ್ಮದು, ಶ್ರೀಕಂಠನ್ ಓದಿದ್ದು ಮೈಸೂರು ವಿಶ್ವವಿದ್ಯಾಲಯದಲ್ಲಿ. ಆದರೂ ಆ ಜ್ಞಾನ ನೆಲೆಯೂರಲು ಇಲ್ಲಿಯ ವಿಭಾಗವೊಂದು ಒದಗಲಿಲ್ಲ. 2001ರಲ್ಲಿ ಗಣಿ ಮುಚ್ಚಿತು. ಸಹಯೋಗ ಎಷ್ಟೇ ಶ್ರೇಷ್ಠವಾಗಿದ್ದರೂ ಅದರ ಫಲ ಹಿಡಿದುಕೊಳ್ಳುವ ವಿಭಾಗ, ಅಧ್ಯಾಪಕರು, ಕಾರ್ಯಾಗಾರ ಊರಿನಲ್ಲಿ ಇಲ್ಲದಿದ್ದರೆ ಹೆಸರು ಬೇರೆಡೆಗೆ ಹೋಗುತ್ತದೆ.

ಇವತ್ತಿನ ಅಳತೆಗೋಲುಗಳು ಇದನ್ನು ಕಾಣಲಾರವು. ಕ್ಯೂಎಸ್ ಶ್ರೇಯಾಂಕ 2024ರ ಪಟ್ಟಿಗೆ ಅಂತರರಾಷ್ಟ್ರೀಯ ಸಂಶೋಧನಾ ಜಾಲ ಎಂಬ ಹೊಸ ಅಂಶ ಸೇರಿಸಿ ಶೇ 5ರಷ್ಟು ಅಂಕ ಇಟ್ಟಿತು. ಐದು ವರ್ಷದಲ್ಲಿ ಮೂರು ಜಂಟಿ ಪ್ರಬಂಧ ಬಂದಿದ್ದರೆ ಅದು ಪಾಲುದಾರಿಕೆ. ಅಂಥ ಪಾಲುದಾರರು ಹೆಚ್ಚು ದೇಶಗಳಲ್ಲಿ ಹರಡಿದ್ದಷ್ಟೂ ಅಂಕ ಹೆಚ್ಚು. ಒಂದೇ ಒಸಾಕದ ಜೊತೆ ಎರಡು ದಶಕ ದುಡಿದವರಿಗಿಂತ ಮೂವತ್ತು ದೇಶಗಳ ಜೊತೆ ಮೂರು ಮೂರು ಪ್ರಬಂಧ ಬರೆದವರಿಗೆ ಅದರಲ್ಲಿ ಮೇಲುಗೈ. ಈ ಅಂಶವೂ ಸೇರಿ ಹಲವು ಅಂಶಗಳ ತೂಕ ಬದಲಾದ ಆ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 155ರಿಂದ 225ಕ್ಕೆ ಇಳಿಯಿತು. ಅಧ್ಯಾಪಕರೊಬ್ಬರಿಗೆ ಎಷ್ಟು ಉಲ್ಲೇಖ ಎಂಬ ಅಳತೆಯಲ್ಲಿ ಜಗತ್ತಿಗೇ ಮೊದಲೆಂದು ನೂರಕ್ಕೆ ನೂರು ಅಂಕವನ್ನು ಇದೇ ಕ್ಯೂಎಸ್ ಅದಕ್ಕೆ ಕೊಟ್ಟಿತ್ತು.

ರಾಜ್ಯ ವಿಶ್ವವಿದ್ಯಾಲಯಗಳ ಮಟ್ಟಕ್ಕೆ ಬಂದರೆ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆಯಾದ ನ್ಯಾಕ್‌ನ ಮೌಲ್ಯಮಾಪನದ ನಮೂನೆ ಒಡಂಬಡಿಕೆಗಳ ಸಂಖ್ಯೆಗೆ ಅಂಕ ಕೊಡುತ್ತ ಬಂದಿದೆ. ಕಾಯಂ ಅಧ್ಯಾಪಕರ ಹುದ್ದೆಗಳು ಖಾಲಿ ಬಿದ್ದು, ಅತಿಥಿ ಉಪನ್ಯಾಸಕರು ವಿಭಾಗ ನಡೆಸುವಾಗ ವಿದೇಶಿ ಒಡಂಬಡಿಕೆಗೆ ಬೆವರು ಸುರಿಸುವವರು ಯಾರು? ಹೊರಗಿನ ತಂಡಕ್ಕೆ ಮಾದರಿ ಸಂಗ್ರಹಿಸಿ ಕಳಿಸಿಕೊಟ್ಟು, ಪ್ರಬಂಧದ ನಡುವೆಲ್ಲೋ ಹೆಸರು ಪಡೆಯುವುದೇ ಆಗ ಉಳಿಯುವ ಪಾತ್ರ.

ನಮ್ಮಲ್ಲಿ ತರಲು ಏನೂ ಇಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ಧಾರವಾಡ ಎಂಬ ಹೆಸರನ್ನು ಜಗತ್ತಿನ ಭೂವಿಜ್ಞಾನಿಗಳು ತಮ್ಮ ಪಠ್ಯಪುಸ್ತಕದಲ್ಲೇ ಓದಿರುತ್ತಾರೆ. ಮುನ್ನೂರು ಕೋಟಿ ವರ್ಷಕ್ಕೂ ಹಳೆಯ ಬಂಡೆಗಳಿರುವ ಭೂಭಾಗಕ್ಕೆ ಅವರಿಟ್ಟ ಹೆಸರು ಅದು. ಅಲ್ಲಿಯ ಬಂಡೆಗಳ ವಯಸ್ಸು ಅಳೆಯುವ ದುಬಾರಿ ಯಂತ್ರಗಳು ಬಹುಕಾಲ ಹೊರದೇಶಗಳಲ್ಲೇ ಇದ್ದವು. ನಾವು ಬಂಡೆಯನ್ನು ತೋರಿಸಿದೆವು, ವಯಸ್ಸನ್ನು ಅವರು ಹೇಳಿದರು. ಅಂಥ ಒಡಂಬಡಿಕೆಗೆ ಮುಂದಿನ ಬಾರಿ ಸಹಿ ಹಾಕುವಾಗ ಕುಲಪತಿಗಳು ಅದರಲ್ಲಿ ಒಂದು ಷರತ್ತು ಬರೆಸಲಿ: ಇಲ್ಲಿಯ ಒಬ್ಬ ಪಿಎಚ್‌ಡಿ ವಿದ್ಯಾರ್ಥಿನಿ ಎರಡು ವರ್ಷ ಆ ಯಂತ್ರದ ಮುಂದೆ ಕೂತು ಕೆಲಸ ಕಲಿಯಬೇಕು, ತಾನು ಅಳೆದ ಬಂಡೆಯ ಪ್ರಬಂಧಕ್ಕೆ ಮೊದಲ ಲೇಖಕಿಯಾಗಬೇಕು, ವಾಪಸು ಬಂದಾಗ ಅವಳಿಗೆ ವಿಭಾಗದಲ್ಲಿ ಕಾಯಂ ಹುದ್ದೆಯೊಂದು ಕಾದಿರಬೇಕು.