ಹೆದ್ದಾರಿಯ ಚಾರ್ಜಿಂಗ್: ಉಳಿತಾಯ ಯಾರ ಪಾಲಿಗೆ?

ಲಿಂಗಸುಗೂರು, ಮಸ್ಕಿ, ಸಿಂಧನೂರು ಹಾದು, ದಢೇಸುಗೂರಿನ ಹತ್ತಿರ ತುಂಗಭದ್ರೆ ದಾಟಿ ಸಿರುಗುಪ್ಪ, ಬಳ್ಳಾರಿ ಕಡೆ ಹೋಗುವ 150ಎ ಹೆದ್ದಾರಿಯಲ್ಲಿ ಈಗ ಹಸಿರು ನಂಬರ್ ಪ್ಲೇಟಿನ ವಿದ್ಯುತ್ ಕಾರುಗಳೂ ಕಾಣುತ್ತವೆ. ಕಿಲೋಮೀಟರಿಗೆ ಒಂದೇ ರೂಪಾಯಿ ಖರ್ಚು ಎಂಬ ಮಾತು ನಂಬಿ ಕೊಂಡವರೇ ಹೆಚ್ಚು. ಮಾತು ಸುಳ್ಳಲ್ಲ; ಆದರೆ ಅದು ಮನೆಯ ಮೀಟರಿಗೆ ಮಾತ್ರ ಸಲ್ಲುವ ಮಾತು. ದೂರದ ಊರಿಗೆ ಹೊರಟು ರಸ್ತೆ ಬದಿಯ ಫಾಸ್ಟ್ ಚಾರ್ಜರಿನ ಗನ್ ಸಿಕ್ಕಿಸಿದರೆ ಲೆಕ್ಕವೇ ಬೇರೆ.

30 ಯೂನಿಟ್ ಬ್ಯಾಟರಿಯ ಕಾರನ್ನು ಶೇ 20ರಿಂದ 80ಕ್ಕೆ ತರಲು 18 ಯೂನಿಟ್ ಬೇಕು. ಖಾಸಗಿ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಯೂನಿಟ್ಟಿಗೆ 18ರಿಂದ 25 ರೂಪಾಯಿ. ತೆರಿಗೆ ಬಿಟ್ಟು 20 ಎಂದು ಹಿಡಿದರೆ 360 ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ, 64 ರೂಪಾಯಿ 80 ಪೈಸೆ. ಬೇಸಿಗೆಯಲ್ಲಿ ಎಸಿ ಹಾಕಿಕೊಂಡು ಯೂನಿಟ್ಟಿಗೆ ಆರು ಕಿ.ಮೀ. ಓಡಿಸಿದರೆ 108 ಕಿ.ಮೀ. ಸಿಗುತ್ತದೆ, ಕಿಲೋಮೀಟರಿಗೆ ಹತ್ತಿರ ಹತ್ತಿರ ನಾಲ್ಕು ರೂಪಾಯಿ. ಲೀಟರಿಗೆ 20 ಕಿ.ಮೀ. ಕೊಡುವ ಡೀಸೆಲ್ ಗಾಡಿಗೆ, ಲೀಟರಿಗೆ 91 ರೂಪಾಯಿ ಎಂದು ಹಿಡಿದರೆ, ಇದೇ ಓಟಕ್ಕೆ ಸುಮಾರು 490 ರೂಪಾಯಿ. ಅರವತ್ತೈದು ರೂಪಾಯಿ ಉಳಿಸಲು ಅರ್ಧ, ಮುಕ್ಕಾಲು ತಾಸು ಕಾಯಬೇಕು. ನಮ್ಮ ರಾಯಚೂರು ಸೀಮೆಯ ಬಿಸಿಲಿಗೆ ಬ್ಯಾಟರಿ ಕಾದಿದ್ದರೆ ಚಾರ್ಜಿಂಗ್ ವೇಗ ತಾನಾಗಿ ತಗ್ಗುತ್ತದೆ, ಕಾಯುವುದು ಇನ್ನೂ ಹೆಚ್ಚುತ್ತದೆ. ಮನೆಯಲ್ಲಾದರೆ, ನಷ್ಟ ಸೇರಿಸಿ 20 ಯೂನಿಟ್ ಎಂದರೂ 120 ರೂಪಾಯಿಯ ಆಸುಪಾಸಿನಲ್ಲಿ ಮುಗಿಯುತ್ತದೆ. (ಉಚಿತ ಕರೆಂಟಿನ ಗೃಹಜ್ಯೋತಿ ಇರುವವರು ಮಾತ್ರ ಹುಷಾರಾಗಿರಬೇಕು. ಕಾರಿನಿಂದಾಗಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು.)

ಈ ದುಬಾರಿಗೆ ಕರೆಂಟ್ ಕಾರಣವಲ್ಲ. ಚಾರ್ಜಿಂಗ್ ಕೇಂದ್ರಗಳಿಗೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) ಇಟ್ಟಿರುವ ದರ ಐದು ರೂಪಾಯಿಯ ಆಸುಪಾಸಿನದೇ. ಟ್ರಾನ್ಸ್‌ಫಾರ್ಮರ್, ಯಂತ್ರದ ಸಾಲ, ಗಾಡಿ ಬರಲಿ ಬಿಡಲಿ ಕಟ್ಟಲೇಬೇಕಾದ ನಿಗದಿತ ಶುಲ್ಕ ಇವೆಲ್ಲ ಸೇರಿ ದರ ಏರುತ್ತದೆ. ಗಿರಾಕಿ ಕಡಿಮೆಯಿದ್ದಲ್ಲಿ ಹೊರೆ ಬಂದ ನಾಲ್ವರ ಮೇಲೇ ಬೀಳುತ್ತದೆ. ಇಷ್ಟನ್ನು ಒಪ್ಪಬಹುದು.

ತೆರಿಗೆಯನ್ನು ಒಪ್ಪಲಾಗದು. ವಿದ್ಯುತ್ ಕಾರಿಗೆ ಶೇ 5, ಮನೆಯ ಕರೆಂಟಿಗೆ ಜಿಎಸ್‌ಟಿಯೇ ಇಲ್ಲ, ಸಾರ್ವಜನಿಕ ಚಾರ್ಜಿಂಗಿಗೆ ಶೇ 18! ಚಾರ್ಜಿಂಗ್ ಎಂದರೆ ವಿದ್ಯುತ್ ಮಾರಾಟವಲ್ಲ, ಸೇವೆ ಎಂದು ಕೇಂದ್ರ ಇಂಧನ ಸಚಿವಾಲಯ 2018ರಲ್ಲಿ ಹೇಳಿತು. ಹಾಗೆ ಹೇಳಿದ್ದು ಚಾರ್ಜಿಂಗ್ ಕೇಂದ್ರ ತೆರೆಯಲು ಲೈಸೆನ್ಸ್ ಬೇಡವೆಂದು ತಿಳಿಸುವುದಕ್ಕೆ. 2023ರಲ್ಲಿ ಮೈಸೂರಿನ ವಿದ್ಯುತ್ ಕಂಪನಿ ಸೆಸ್ಕ್‌ನ ಅರ್ಜಿಯ ಮೇಲೆ ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರ ಅದೇ ಆಧಾರದ ಮೇಲೆ ಕರೆಂಟಿನ ಭಾಗಕ್ಕೂ ಶೇ 18 ಸಲ್ಲುತ್ತದೆ ಎಂದಿತು. ಕಾಂಪೌಂಡಿನೊಳಗೆ ಕಾರು ನಿಲ್ಲಿಸುವವರಿಗೆ ಈ ಬಿಸಿ ತಟ್ಟುವುದಿಲ್ಲ. ತಟ್ಟುವುದು ಬಾಡಿಗೆ ಮನೆಯವರಿಗೆ, ಟ್ಯಾಕ್ಸಿಯವರಿಗೆ.

2024ರ ಕೊನೆಯ ಹೊತ್ತಿಗೆ ರಾಜ್ಯದಲ್ಲಿದ್ದ 5,765 ಸಾರ್ವಜನಿಕ ಕೇಂದ್ರಗಳಲ್ಲಿ 4,462 ಬೆಂಗಳೂರು ನಗರ ಜಿಲ್ಲೆಯವು. ಅಲ್ಲಿ ದರ ಹಿಡಿಸದಿದ್ದರೆ ಪಕ್ಕದ ಬೀದಿಗೆ ಹೋಗಬಹುದು. ನಮ್ಮ ಕಡೆ ಸಿಕ್ಕಿದ್ದೇ ಗನ್, ಕೇಳಿದ್ದೇ ದರ.

ಜಿಎಸ್‌ಟಿ ಶೇ 5ಕ್ಕೆ ಇಳಿಯಬೇಕು. ಬೆಳಗ್ಗೆ 9ರಿಂದ ಸಂಜೆ 4ರವರೆಗೆ ಕೇಂದ್ರಗಳಿಗೆ ಕರೆಂಟ್ ಅಗ್ಗವಾಗಿ ಕೊಡಬೇಕೆಂದು 2024ರ ಕೇಂದ್ರ ಮಾರ್ಗಸೂಚಿ ಹೇಳುತ್ತದೆ. ಆ ರಿಯಾಯಿತಿ ಗಾಡಿಯವರ ಬಿಲ್ಲಿಗೂ ಇಳಿಯಬೇಕು. ಪೆಟ್ರೋಲ್ ಬಂಕಿನಲ್ಲಿರುವಂತೆ ತೆರಿಗೆ ಸೇರಿದ ದರ ಕನ್ನಡದಲ್ಲಿ ಬೋರ್ಡಿನ ಮೇಲಿರಬೇಕು. ಅಲ್ಲಿಯವರೆಗೆ, ಕೊಳ್ಳುವ ಯೋಚನೆಯಲ್ಲಿರುವವರು ತಮ್ಮ ಓಟದಲ್ಲಿ ಮನೆಯ ಮೀಟರಿನದೆಷ್ಟು, ಹೆದ್ದಾರಿಯದೆಷ್ಟು ಎಂದು ಮೊದಲು ಬರೆದುಕೊಳ್ಳಲಿ. ಅರ್ಧಕ್ಕಿಂತ ಹೆಚ್ಚು ಹೆದ್ದಾರಿಯದಾದರೆ, ಈ ದರದಲ್ಲಿ ಅವಸರ ಬೇಡ.