ಒಂದೇ ಏಟಿನ ರಿಪೇರಿ

ಕ್ಲಿಮ್ ಶಿಪೆಂಕೊ ನಿರ್ದೇಶನದ ರಷ್ಯನ್ ಸಿನಿಮಾ 'ಸಲ್ಯೂತ್ 7' (2017) ಕೊನೆಗೆ ಬಂದು ನಿಲ್ಲುವುದು ಒಂದು ಸುತ್ತಿಗೆಯ ಮೇಲೆ. ಬಾಹ್ಯಾಕಾಶ ನಿಲ್ದಾಣ ಸತ್ತಂತೆ ಬಿದ್ದಿದೆ, ಹೊರಮೈಯಲ್ಲಿರುವ ಸೌರ ಸಂವೇದಕ ಸಿಕ್ಕಿಕೊಂಡಿದೆ, ಉಸಿರಾಡುವ ಗಾಳಿ ಮುಗಿಯುತ್ತಿದೆ. ಇಬ್ಬರು ಗಗನಯಾತ್ರಿಗಳು ಹೊರಬಂದು ಸುತ್ತಿಗೆಯಿಂದ ಬಡಿಯುತ್ತಾರೆ, ನಿಲ್ದಾಣಕ್ಕೆ ಜೀವ ಬರುತ್ತದೆ. ಎರಡನೇ ಸಲ ನೋಡಿದಾಗಲೂ ಈ ದೃಶ್ಯ ನನ್ನನ್ನು ಹಿಡಿದು ಕೂರಿಸಿತು. ಆದರೂ ನನ್ನ ತಕರಾರು ಇರುವುದು ಇಲ್ಲಿಯೇ.

1985ರ ಜೂನ್‌ನಲ್ಲಿ ನಿಜವಾಗಿ ಅಲ್ಲಿಗೆ ಹೋದವರು ವ್ಲಾದಿಮಿರ್ ಜಾನಿಬೆಕೊವ್ ಮತ್ತು ವಿಕ್ತರ್ ಸವಿನಿಖ್. ಹೆಪ್ಪುಗಟ್ಟಿದ್ದ ನಿಲ್ದಾಣದ ಒಳಗೇ ಕೂತು ಅವರು ಬ್ಯಾಟರಿಗಳನ್ನು ಸೌರ ಫಲಕಗಳಿಗೆ ನೇರವಾಗಿ ಜೋಡಿಸಿದರು. ತಮ್ಮ ಸೋಯುಜ್ ನೌಕೆಯ ಎಂಜಿನ್ನುಗಳಿಂದ ಇಡೀ ನಿಲ್ದಾಣವನ್ನು ಸೂರ್ಯನತ್ತ ತಿರುಗಿಸಿದರು. ಸುತ್ತಿಗೆ ಎಲ್ಲಿಯೂ ಇರಲಿಲ್ಲ. ಅವರು ಹೊರಗೆ ನಡೆದದ್ದು ಆಗಸ್ಟ್ 2ರಂದು, ಹೆಚ್ಚುವರಿ ಫಲಕಗಳನ್ನು ಕೂರಿಸಲು. ಸಿನಿಮಾ ಪಾತ್ರಗಳ ಹೆಸರುಗಳನ್ನೇ ಬದಲಿಸಿದೆ, ಹಾಗಾಗಿ ಇತಿಹಾಸ ತಿರುಚಿದರೆಂದು ನಾನು ದೂರುವುದಿಲ್ಲ. ರಿಪೇರಿ ಎಂಬ ಕೆಲಸವನ್ನು ಅದು ಹೇಗೆ ಕಲ್ಪಿಸಿಕೊಂಡಿದೆ ಎನ್ನುವುದೇ ನನ್ನ ಪ್ರಶ್ನೆ.

ಏಕೆಂದರೆ ಅದೇ ನಿಲ್ದಾಣದ ಹೊರಮೈಯಲ್ಲಿ ಒಂದು ವರ್ಷ ಮೊದಲು ಅಪರೂಪದ ದುರಸ್ತಿಯೊಂದು ನಡೆದಿತ್ತು. 1983ರ ಸೆಪ್ಟೆಂಬರ್‌ನಲ್ಲಿ ಇಂಧನ ವ್ಯವಸ್ಥೆಯ ಕೊಳವೆಯೊಂದು ಸೋರಿತು. 1984ರ ಏಪ್ರಿಲ್ 23ರಂದು ಲಿಯೊನಿದ್ ಕಿಜಿಮ್ ಮತ್ತು ವ್ಲಾದಿಮಿರ್ ಸೊಲೊವ್ಯೋವ್ ಹೊರಗೆ ಹೋಗಿ ಏಣಿ, ಸಲಕರಣೆಗಳನ್ನಷ್ಟೇ ಹೊಂದಿಸಿ ಬಂದರು. 26ಕ್ಕೆ, 29ಕ್ಕೆ, ಮೇ 4ಕ್ಕೆ ಮತ್ತೆ ಹೋದರು. ಹೊದಿಕೆ ಕತ್ತರಿಸಿದರು, ಬಳಸುದಾರಿಯ ಕೊಳವೆಗಳನ್ನು ಹಾಕಿದರು. ನಾಲ್ಕು ನಡಿಗೆಗಳಾದರೂ ಕೆಲಸ ಮುಗಿಯಲಿಲ್ಲ. ಸೋರುವ ಕೊಳವೆಯನ್ನು ಒತ್ತಿ ಮುಚ್ಚುವ ಉಪಕರಣವೇ ಅವರ ಬಳಿ ಇರಲಿಲ್ಲ. ಜುಲೈನಲ್ಲಿ ಬಂದ ಅತಿಥಿ ತಂಡ ಅದನ್ನು ಹೊತ್ತು ತಂದಿತು. ಆಗಸ್ಟ್ 8ರಂದು, ಈ ಕೆಲಸಕ್ಕಾಗಿ ಐದನೇ ಬಾರಿ ಹೊರಗಿಳಿದು, ಇಬ್ಬರೂ ಕೊಳವೆ ಮುಚ್ಚಿದರು.

ಉಪಕರಣ ತಂದ ತಂಡದಲ್ಲಿ ಸ್ವೆತ್ಲಾನಾ ಸವಿತ್ಸ್ಕಾಯಾ ಇದ್ದರು. ಜುಲೈ 25ರಂದು ಆಕೆ ಬಾಹ್ಯಾಕಾಶದಲ್ಲಿ ನಡೆದ ಮೊದಲ ಮಹಿಳೆಯಾದರು. ಸುಮಾರು ಮೂರೂವರೆ ಗಂಟೆ ಕಾಲ ಲೋಹ ಕತ್ತರಿಸುವ, ಬೆಸೆಯುವ ಪ್ರಯೋಗ ನಡೆಯಿತು. ಸಿನಿಮಾ ಈ ಘಟನೆಯ ನೆರಳಿನಿಂದಲೇ ಶುರುವಾಗುತ್ತದೆ. ಆದರೆ ಅಲ್ಲಿ ಆಕೆಯ ಕೈಗವಸಿಗೆ ಹಾನಿಯಾಗಿ, ಗಂಡಸೊಬ್ಬ ಆಕೆಯನ್ನು ಕಾಪಾಡಬೇಕಾಗುತ್ತದೆ. ಕೆಲಸ ಮಾಡಿ ತೋರಿಸಿದವಳು ತೆರೆಯ ಮೇಲೆ ಕಾಪಾಡಲ್ಪಡುವವಳಾದಳು. ಇದನ್ನು ಸಣ್ಣ ಬದಲಾವಣೆ ಎಂದು ಬಿಟ್ಟುಬಿಡಲು ನನಗೆ ಮನಸ್ಸಾಗದು.

ವಿಚಿತ್ರವೆಂದರೆ, ಸುತ್ತಿಗೆಯ ಏಟು ಇತಿಹಾಸದಲ್ಲಿ ನಿಜವಾಗಿಯೂ ಇದೆ. 1973ರ ಜೂನ್ 19ರಂದು ಅಮೆರಿಕದ ಸ್ಕೈಲ್ಯಾಬ್‌ನ ಹೊರಗೆ ಪೀಟ್ ಕಾನ್ರಾಡ್ ಬ್ಯಾಟರಿ ಚಾರ್ಜರಿನ ಪೆಟ್ಟಿಗೆಗೆ ಸುತ್ತಿಗೆಯಿಂದ ಬಡಿದು, ಅಂಟಿಕೊಂಡಿದ್ದ ರಿಲೇ ಬಿಡಿಸಿದರು. ಆದರೆ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಜೂನ್ 7ರ ನಡಿಗೆ. ಸಿಕ್ಕಿಕೊಂಡಿದ್ದ ಸೌರ ಫಲಕವನ್ನು ಬಿಡಿಸಲು ಹೋದ ಜೋ ಕರ್ವಿನ್‌ಗೆ ಅಲ್ಲಿ ಕಾಲೂರಲು ಜಾಗವೇ ಇರಲಿಲ್ಲ. ಕತ್ತರಿ ಹಿಡಿದರೆ ಮೈ ತೇಲಿಹೋಗುತ್ತಿತ್ತು. ಕೊನೆಗೆ ತನ್ನ ಹಗ್ಗವನ್ನೇ ಗಿಡ್ಡ ಮಾಡಿ, ಅದರ ಬಿಗಿಗೆ ಮೈಯೊಡ್ಡಿ ನಿಂತರು. ನೆಲವಿಲ್ಲದಲ್ಲಿ ನಿಲ್ಲುವ ಉಪಾಯ ಹುಡುಕಿದ ಆ ಗಳಿಗೆಯಲ್ಲಿ ಒಂದು ಒಳ್ಳೆಯ ಕಥೆಗೆ ಬೇಕಾದುದೆಲ್ಲ ಇದೆ.

ಅಲ್ಫೊನ್ಸೊ ಕ್ವಾರೋನ್‌ರ 'ಗ್ರಾವಿಟಿ' (2013) ಕೂಡ ಹಬಲ್ ದೂರದರ್ಶಕದ ರಿಪೇರಿಯಿಂದ ಆರಂಭವಾಗುತ್ತದೆ. ಕೆಲವೇ ನಿಮಿಷಗಳಲ್ಲಿ ಚೂರುಗಳ ಮಳೆ ಬಂದು ರಿಪೇರಿ ಮರೆತೇ ಹೋಗುತ್ತದೆ. ಎರಡೂ ಸಿನಿಮಾಗಳಿಗೆ ದುರಸ್ತಿ ಒಂದು ನೆಪ, ಅವಕ್ಕೆ ಬೇಕಿರುವುದು ದುರಂತ.

ನಾಲ್ಕು ಸಲ ಮುಗಿಯದ ಕೆಲಸವನ್ನು ತೆರೆಯ ಮೇಲೆ ಯಾರು ನೋಡುತ್ತಾರೆ ಎಂದು ಕೇಳಬಹುದು. ಎರಡು ಗಂಟೆಯ ಸಿನಿಮಾಕ್ಕೆ ಅದು ಕಷ್ಟವೇ. ಆದರೆ ಕಾದಂಬರಿಗೆ ಹಾಗಲ್ಲ. ಅರ್ಧ ಮಾಡಿದ ಕೆಲಸವನ್ನು ಬಿಟ್ಟು ಒಳಬರುವ ಸಂಜೆ, ಉಪಕರಣಕ್ಕಾಗಿ ಕಾಯುವ ತಿಂಗಳುಗಳು, ಕೆಳಗೆ ಭೂಮಿಯಲ್ಲಿ ಅದನ್ನು ರೂಪಿಸುತ್ತಿರುವ ಹೆಸರಿಲ್ಲದ ಕೈಗಳು: ಇವು ಕಾದಂಬರಿಯ ಸಹಜ ಸಾಮಗ್ರಿ. ನಮ್ಮ ಬದುಕಿನಲ್ಲೂ ಮನೆ, ಸಂಬಂಧ, ಭಾಷೆ ಯಾವುದೂ ಒಂದೇ ಏಟಿಗೆ ಸರಿಹೋಗುವುದಿಲ್ಲ. ಹಾಗೆ ಸರಿಹೋಗುತ್ತದೆಂದು ಕಥೆಗಳು ಮತ್ತೆ ಮತ್ತೆ ಹೇಳಿದರೆ, ನಿಧಾನವಾಗಿ ಸರಿಪಡಿಸುತ್ತಿರುವವರು ನಮಗೆ ಸೋತವರಂತೆ ಕಾಣತೊಡಗುತ್ತಾರೆ.

1986ರ ಮೇ ತಿಂಗಳಲ್ಲಿ ಕಿಜಿಮ್ ಮತ್ತು ಸೊಲೊವ್ಯೋವ್ ಹೊಸ ನಿಲ್ದಾಣ ಮಿರ್‌ನಿಂದ ಹೊರಟು ಹಳೆಯ ಸಲ್ಯೂತ್ 7ಕ್ಕೆ ಮರಳಿ ಹೋದರು. ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಮನುಷ್ಯರು ಪಯಣಿಸಿದ್ದು ಅದೇ ಮೊದಲು. ತಾವೇ ದುರಸ್ತಿ ಮಾಡಿದ ಮನೆಯ ಬಾಗಿಲನ್ನು ಇಬ್ಬರೂ ಮತ್ತೆ ತೆರೆದ ಆ ದಿನದ ಬಗ್ಗೆ ಯಾರಾದರೂ ಬರೆದರೆ, ಮೊದಲು ಓದುವವರಲ್ಲಿ ನಾನೂ ಒಬ್ಬ.