2.20ರಲ್ಲಿ ಕಳೆದುಹೋಗುವ 12 ಗುಂಟೆ

ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಗಣಿತ ಕಲಿಸಬಹುದು ಎಂದು ತೋರಿಸಬೇಕಾದಾಗಲೆಲ್ಲ ಮುಂದೆ ಬರುವುದು ಒಂದೇ ಪಾಠ: ಸ್ಪ್ರೆಡ್‌ಶೀಟಿನಲ್ಲಿ ಅಳತೆಗಳ ಪರಿವರ್ತನೆ. ಅಡಿಯನ್ನು ಮೀಟರಿಗೆ, ಎಕರೆಯನ್ನು ಹೆಕ್ಟೇರಿಗೆ ತಿರುಗಿಸುವ ‘ಕನ್ವರ್ಟ್’ ಸೂತ್ರವನ್ನು ಒಂದು ಸೆಲ್ಲಿನಲ್ಲಿ ಬರೆದು ಕೆಳಕ್ಕೆ ಎಳೆದರೆ ಇಡೀ ಕಾಲಂ ತುಂಬುತ್ತದೆ, ನೋಡಿದವರು ಮೆಚ್ಚುತ್ತಾರೆ. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು, ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳನ್ನು, ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಈ ಪಾಠಕ್ಕೆ ಸಿಕ್ಕಿರುವ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು. ಇಲ್ಲಿನ ಮಕ್ಕಳ ಮನೆಯಲ್ಲಿರುವ ಅತಿ ಮುಖ್ಯ ಅಳತೆಯ ಮುಂದೆ ಅದು ಸೋಲುತ್ತದೆ.

ಆ ಅಳತೆ ಪಹಣಿಯಲ್ಲಿದೆ. ಎರಡು ಎಕರೆ ಇಪ್ಪತ್ತು ಗುಂಟೆ ಜಮೀನನ್ನು ನಮ್ಮವರು 2.20 ಎಂದು ಬರೆಯುತ್ತಾರೆ. ಇಲ್ಲಿರುವ ಚುಕ್ಕೆ ದಶಮಾಂಶದ್ದಲ್ಲ. ಎಕರೆಯನ್ನೂ ಗುಂಟೆಯನ್ನೂ ಬೇರೆ ಮಾಡುವ ಗುರುತು ಅಷ್ಟೆ. 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರಡಿ ಒಂದು ಗುಂಟೆ. ಅಂಥ 40 ಸೇರಿದರೆ ಎಕರೆ. ಹಾಗಾಗಿ 2.20 ಎಂದರೆ ನೂರು ಗುಂಟೆ, ಸರಿಯಾಗಿ ಎರಡೂವರೆ ಎಕರೆ.

ವಿದ್ಯಾರ್ಥಿ ಇದನ್ನು ಸೆಲ್ಲಿನಲ್ಲಿ 2.20 ಎಂದು ಒತ್ತುತ್ತಾಳೆ. ಸ್ಪ್ರೆಡ್‌ಶೀಟ್ ಕೊನೆಯ ಸೊನ್ನೆಯನ್ನು ಕಿತ್ತು 2.2 ಎಂದು ತೋರಿಸುತ್ತದೆ. ಅಲ್ಲಿಗೆ ಮೊದಲ ನಷ್ಟವಾಯಿತು: ಪಕ್ಕದ ಸಾಲಿನಲ್ಲಿ ಇನ್ನೊಬ್ಬ ಹುಡುಗ ಎರಡು ಎಕರೆ ಎರಡು ಗುಂಟೆಯನ್ನು 2.2 ಎಂದು ಬರೆದಿದ್ದರೆ ಇವೆರಡೂ ಈಗ ಒಂದೇ ಸಂಖ್ಯೆ. ಮುಂದೆ ಯಾವ ಸೂತ್ರವೂ ಅವನ್ನು ಬಿಡಿಸಲಾರದು. ‘ಕನ್ವರ್ಟ್’ ಅದನ್ನು 2.2 ಎಕರೆ ಎಂದೇ ತಿಳಿದು 0.8903 ಹೆಕ್ಟೇರ್ ಎನ್ನುತ್ತದೆ. ನಿಜವಾದ ಉತ್ತರ 1.0117. ನಾಲ್ಕು ದಶಮಾಂಶ ಸ್ಥಾನಗಳವರೆಗೆ ಅಚ್ಚುಕಟ್ಟಾಗಿ ಕಾಣುವ ಆ ತಪ್ಪನ್ನು ಹದಿನಾಲ್ಕರ ಮಗು ಅನುಮಾನಿಸುವುದಿಲ್ಲ. ಎಕ್ಸೆಲ್‌ನ ಈ ಸೂತ್ರಕ್ಕೆ 2013ರ ಆವೃತ್ತಿಯಿಂದ ಎಕರೆಯೂ ಹೆಕ್ಟೇರೂ ಗೊತ್ತು, ಗುಂಟೆ ಗೊತ್ತಿಲ್ಲ. ಇನ್ನು ಕೂಡುವ ಲೆಕ್ಕ. ಅಣ್ಣನದು 1.30, ತಮ್ಮನದು 1.30. ಸ್ಪ್ರೆಡ್‌ಶೀಟ್ 2.6 ಎನ್ನುತ್ತದೆ. ಇಬ್ಬರದೂ ಸೇರಿ ಇರುವುದು ಮೂರು ಎಕರೆ ಇಪ್ಪತ್ತು ಗುಂಟೆ.

ಇದು ತರಗತಿಯೊಳಗೇ ಮುಗಿಯುವ ತಪ್ಪಲ್ಲ. ಪಾವಗಡದ ನಾಗಲಮಡಿಕೆ ಹೋಬಳಿಯಲ್ಲಿ ತಿರುಮಣಿ, ವಳ್ಳೂರು ಮೊದಲಾದ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಜಮೀನನ್ನು ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಆರಂಭದ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಆ ದರದಲ್ಲಿ ಎರಡೂವರೆ ಎಕರೆಗೆ 52,500 ರೂಪಾಯಿ, 2.2 ಎಕರೆಗೆ 46,200. ಹನ್ನೆರಡು ಗುಂಟೆಯ 6,300 ರೂಪಾಯಿ ಲೆಕ್ಕದಿಂದ ಹೋಯಿತು. ಬೆಳೆ ವಿಮೆಯ ಮೊತ್ತವೂ ಹೆಕ್ಟೇರ್ ಲೆಕ್ಕದ್ದೇ. ಶಿರಾ, ಪಾವಗಡದ ಕಡಲೆಕಾಯಿ ಬೆಳೆಗಾರನ ಮಗಳಿಗೆ ಈ ಪರಿವರ್ತನೆ ಬರಲೇಬೇಕು, ತಪ್ಪಿಲ್ಲದೆ ಬರಬೇಕು.

ಈ ಪಾಠವನ್ನು ಟೀಕಿಸುವ ಬೇರೆಯವರ ಜೊತೆಗೂ ನನಗೆ ಒಪ್ಪಿಗೆಯಿಲ್ಲ. ಮಗ್ಗಿ ಬಾಯಿಗೆ ಬಾರದ ಮಗುವಿಗೆ ಕಂಪ್ಯೂಟರ್ ಯಾಕೆ, ಹಿಂದಿನವರು ಬಾಯಲ್ಲೇ ಲೆಕ್ಕ ಹಾಕುತ್ತಿರಲಿಲ್ಲವೆ ಎಂಬುದು ಒಂದು ಪಕ್ಷ. ಹಿಂದಿನವರು ತಪ್ಪದಿದ್ದುದು ಬಾಯಿಲೆಕ್ಕದ ಬಲದಿಂದಲ್ಲ. ಅವರು ಎಕರೆಯನ್ನೂ ಗುಂಟೆಯನ್ನೂ ಎರಡು ಬೇರೆ ಸಂಖ್ಯೆಗಳಾಗಿ ಹಿಡಿದಿಟ್ಟುಕೊಳ್ಳುತ್ತಿದ್ದರು, ನಲವತ್ತು ತುಂಬಿದಾಗ ಮಾತ್ರ ಒಂದನ್ನು ಆಚೆಗೆ ಕೊಡುತ್ತಿದ್ದರು. ಅದೇ ಶಿಸ್ತನ್ನು ಸ್ಪ್ರೆಡ್‌ಶೀಟಿನಲ್ಲಿ ಎರಡು ಕಾಲಂಗಳಾಗಿ ಇಡಬಹುದು, ಮಗ್ಗಿಯ ಪುಸ್ತಕಕ್ಕಿಂತ ಕಣ್ಣಿಗೆ ಕಾಣುವಂತೆ ಇಡಬಹುದು. ಗುಂಟೆಯನ್ನೇ ಬಿಡಿ, ಎಲ್ಲ ಮೆಟ್ರಿಕ್ ಮಾಡಿ ಎನ್ನುವುದು ಇನ್ನೊಂದು ಪಕ್ಷ. 1956ರ ಕಾನೂನು ಬಂದ ಮೇಲೆ ಸಂತೆಯಲ್ಲಿ ಸೇರು ಹೋಗಿ ಕಿಲೋ ಬಂತು, ನಿಜ. ಪಹಣಿಯಲ್ಲಿ ಗುಂಟೆ ಇವತ್ತಿಗೂ ಇದೆ. ಅದು ಇರುವವರೆಗೆ ಶಾಲೆ ಅದನ್ನು ಕಲಿಸಲೇಬೇಕು. ಈ ಎರಡು ಪಕ್ಷದವರೂ ಯಂತ್ರ ಬೇಕೆ ಬೇಡವೆ, ಮೆಟ್ರಿಕ್ ಬೇಕೆ ಬೇಡವೆ ಎಂದು ವಾದಿಸುವ ಭರದಲ್ಲಿ ಸೆಲ್ಲಿನೊಳಗೆ ಏನು ಬರೆಯುತ್ತಿದ್ದೇವೆ ಎಂಬುದನ್ನೇ ನೋಡಿಲ್ಲ.

ಸೂತ್ರದಿಂದ ಪರಿವರ್ತಿಸಲೇಬಾರದ ಅಳತೆಗಳೂ ಇವೆ. ಬೋರ್‌ವೆಲ್‌ನಲ್ಲಿ ‘ಎರಡು ಇಂಚು ನೀರು ಬಿತ್ತು’ ಎಂದರೆ ಅದು ವಿ ಆಕಾರದ ಕಚ್ಚಿರುವ ತಗಡಿನ ಮೇಲೆ ಹರಿಯುವ ನೀರಿನ ಎತ್ತರ. ಅದನ್ನು 5.08 ಸೆಂಟಿಮೀಟರ್ ಮಾಡಿ ಪ್ರಯೋಜನವಿಲ್ಲ. ಎತ್ತರ ಎರಡರಷ್ಟಾದರೆ ಹರಿವು ಐದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ.

ಪಾಠದ ಪರವಾಗಿ ಒಂದು ಮಾತು ಹೇಳಬೇಕು: ಒಂದು ಸೂತ್ರ ನೂರು ಸಾಲಿಗೆ ಕೆಲಸ ಮಾಡುವುದನ್ನು ಕಂಡ ಮಗುವಿಗೆ ಬೀಜಗಣಿತದ ಚರಾಕ್ಷರ ಏನೆಂದು ಬೇಗ ಹೊಳೆಯುತ್ತದೆ. ಆದರೆ ಆ ಲಾಭಕ್ಕೆ ‘ಕನ್ವರ್ಟ್’ ಬೇಕಿಲ್ಲ. ಮಗು ತಾನೇ ಕಟ್ಟಿದ ಸೂತ್ರ ಸಾಕು.

ಈ ನಾಲ್ಕು ತಾಲ್ಲೂಕುಗಳ ಗಣಿತ ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟು. ಮಕ್ಕಳಿಂದ ಮನೆಯ ಪಹಣಿಯ ನಕಲು ತರಿಸಿ. ಎಕರೆಗೆ ಒಂದು ಕಾಲಂ, ಗುಂಟೆಗೆ ಒಂದು ಕಾಲಂ ಇಡಿಸಿ. 40 ಎಂಬುದನ್ನು ಬೇರೆಯೇ ಸೆಲ್ಲಿನಲ್ಲಿ, ಹೆಸರು ಬರೆದು ಇಡಿಸಿ. ಗುಂಟೆಯನ್ನು ಅದರಿಂದ ಭಾಗಿಸಿ ಎಕರೆಗೆ ಕೂಡಿಸುವ ಸೂತ್ರವನ್ನು ಅವರೇ ಬರೆಯಲಿ, ಒಂದು ಸಾಲನ್ನಾದರೂ ಕಾಗದದ ಮೇಲೆ ತಾಳೆ ನೋಡಲಿ. ‘ಕನ್ವರ್ಟ್’ ಸೂತ್ರವನ್ನು ಅದಾದ ಮೇಲೆ ಕಲಿಸಿ.